ಪಾಡ್‌ಕಾಸ್ಟ್ ಹಾಕಿದರೆ ಸಾಲದು, ನಡುನಡುವೆ ನಿಲ್ಲಿಸಬೇಕು

ಮಾನ್ಯ ಸಂಪಾದಕರೇ,

ಕ್ಲಾಸಿನಲ್ಲಿ ಪಾಡ್‌ಕಾಸ್ಟ್, ಅಂದರೆ ಫೋನಿಗೆ ಇಳಿಸಿಕೊಂಡು ಬೇಕಾದಾಗ ಕೇಳುವ ಮಾತಿನ ಕಾರ್ಯಕ್ರಮ, ಕೇಳಿಸಿ ಅನ್ನುವ ಮಾತು ಈಗ ಶಿಕ್ಷಕರ ನಡುವೆ ಜಾಸ್ತಿ ಓಡಾಡುತ್ತಿದೆ. ಒಳ್ಳೆಯದೇ. ಆದರೆ ಹೇಗೆ ಕೇಳಿಸಬೇಕು ಅನ್ನುವುದೂ ಮುಖ್ಯ ಅಲ್ವಾ? ನಾನು ಚಳ್ಳಕೆರೆ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮಿಸ್. ನನಗೆ ಗೊತ್ತಾದಷ್ಟು ಬರೆಯುತ್ತೇನೆ.

ಮೊದಲ ಸಲ ನಾನು ಮಾಡಿದ್ದು ತಪ್ಪು. 25 ನಿಮಿಷದ ಕಂತೊಂದನ್ನು ಸುಮ್ನೆ ಸ್ಪೀಕರಿಗೆ ಹಾಕಿ, ಪಕ್ಕದಲ್ಲಿ ಕೂತು ನೋಟ್ಸ್ ತಿದ್ದುತ್ತಿದ್ದೆ. ಹತ್ತು ನಿಮಿಷಕ್ಕೆ ಹಿಂದಿನ ಬೆಂಚು ತೂಕಡಿಸುತ್ತಿತ್ತು. ಏನು ಕೇಳಿದಿರಿ ಅಂದರೆ ಮುಂದಿನ ಬೆಂಚಿನವರೂ ಮುಖ ಮುಖ ನೋಡಿಕೊಂಡರು. ಯಾವುದಕ್ಕೆ ಕಿವಿಗೊಡಬೇಕು ಅಂತ ನಾನೇ ಹೇಳಿರಲಿಲ್ಲ.

ಈಗ ಮೊದಲು ಬೋರ್ಡಿನ ಮೇಲೆ ಒಂದು ಪ್ರಶ್ನೆ ಬರೆಯುತ್ತೇನೆ, ಮೂರು ನಿಮಿಷ ಕೇಳಿಸುತ್ತೇನೆ, ನಿಲ್ಲಿಸುತ್ತೇನೆ. ಮಾತಾಡುತ್ತೇವೆ. 'ಮಿಸ್, ಇನ್ನೊಂದ್ಸಲ ಹಾಕಿ' ಅಂದರೆ ಹಿಂದಕ್ಕೆ ಹೋಗುತ್ತೇವೆ. ರೇಡಿಯೊ ಪಾಠ ನಮ್ಮ ಶಾಲೆಗಳಿಗೆ ಹೊಸದೇನಲ್ಲ, 'ಕೇಳಿ ಕಲಿ' ಆಕಾಶವಾಣಿಯಲ್ಲಿ ಬರುವ ಹೊತ್ತಿಗೆ ಮಕ್ಕಳನ್ನು ರೇಡಿಯೊ ಸುತ್ತ ಕೂರಿಸುತ್ತಿದ್ದ ಮೇಷ್ಟ್ರುಗಳು ಎಷ್ಟೋ ಜನ ಇದ್ದಾರೆ. ಆದರೆ ರೇಡಿಯೊದಲ್ಲಿ ಒಂದು ಮಾತು ತಪ್ಪಿಹೋದರೆ ಹೋಯಿತು, ಮತ್ತೆ ಸಿಗುವುದಿಲ್ಲ. ಐಪಾಡ್ (ಜೇಬಿನಲ್ಲಿಟ್ಟು ಹಾಡು ಕೇಳುವ ಆ್ಯಪಲ್ ಕಂಪನಿಯ ಸಾಧನ) ಮತ್ತು ಬ್ರಾಡ್‌ಕಾಸ್ಟ್ (ಪ್ರಸಾರ) ಎರಡೂ ಸೇರಿ 2004ರಲ್ಲಿ ಹುಟ್ಟಿದ ಪದ ಪಾಡ್‌ಕಾಸ್ಟ್. ಪ್ರಸಾರವನ್ನು ಜೇಬಿಗೆ ಹಾಕಿಕೊಂಡು ನಮಗೆ ಬೇಕಾದಾಗ ಕೇಳುವುದು. ಆ ಅನುಕೂಲವನ್ನೇ ಬಳಸದಿದ್ದರೆ ಏನು ಬಂತು?

ಕೇಳಿಸಿದ್ದಕ್ಕಿಂತ ಮಕ್ಕಳೇ ಮಾಡಿದ್ದು ಇನ್ನೂ ಚೆನ್ನಾಗಿತ್ತು. ಒಂಬತ್ತನೇ ಕ್ಲಾಸಿನವರಿಗೆ ಜಲ ಸಂಪನ್ಮೂಲದ ಪಾಠ ಇತ್ತು. ನಮ್ಮ ಜಿಲ್ಲೆಯ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ 2022ರಲ್ಲಿ ತುಂಬಿ ಕೋಡಿ ಬಿದ್ದದ್ದನ್ನು ಮನೆಯ ಹಿರಿಯರ ಹತ್ತಿರ ಕೇಳಿ, ನನ್ನ ಫೋನಿನಲ್ಲಿ ಐದು ನಿಮಿಷ ರೆಕಾರ್ಡ್ ಮಾಡೋಣ ಅಂದೆ. ತಗಡಿನ ಸೂರಿನ ಕೋಣೆ, ದನಿ ಗಣಗಣ ಅನ್ನುತ್ತಿತ್ತು. ಒಬ್ಬ ಹುಡುಗ ಮನೆಗೆ ಓಡಿ ಎರಡು ಕರಿ ಕಂಬಳಿ ತಂದ. ಒಂದನ್ನು ಕಿಟಕಿಗೆ ಕಟ್ಟಿ, ಇನ್ನೊಂದನ್ನು ಮೇಜಿನ ಮೇಲೆ ಹಾಸಿದರು. ಗಣಗಣ ಎಷ್ಟೋ ಕಮ್ಮಿಯಾಯಿತು. ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ತನ್ನ ಭಾಗವನ್ನು ಏಳು ಸಲ ಹೇಳಿದಳು, ಸರಿ ಬರುವ ತನಕ ಬಿಡಲಿಲ್ಲ. ಇದರ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ ಅಂತ ಗೊತ್ತಾದಾಗ ಅವರೇ ಬೋರ್ಡಿನ ಮೇಲೆ ಕಳೆದು ನೋಡಿದರು, 89 ವರ್ಷ! 'ನಮ್ಮಜ್ಜಿನೂ ಆಗ ಹುಟ್ಟಿರಲಿಲ್ಲ ಮಿಸ್' ಅಂದಳು ಅದೇ ಹುಡುಗಿ. ಬರ ಅಂದರೇನು ಅಂತ ಆವತ್ತು ನಾನು ಬೇರೆ ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮ ಚಳ್ಳಕೆರೆ ಸೀಮೆ ಬಾಯಿಮಾತಿನ ಸೀಮೆ. ಸಾವಿರಾರು ಜನಪದ ಹಾಡು ಬಾಯಲ್ಲೇ ಇಟ್ಟುಕೊಂಡಿದ್ದ ಸಿರಿಯಜ್ಜಿ ಇದ್ದದ್ದು ಇಲ್ಲೇ. ಗೊಲ್ಲರಹಟ್ಟಿಗಳಲ್ಲಿ ಕಾಡುಗೊಲ್ಲರ ದೈವ ಜುಂಜಪ್ಪನ ಹಾಡು ಹೇಳುವವರು ಇನ್ನೂ ಇದ್ದಾರೆ. ಅವರ ದನಿ ಕ್ಲಾಸಿಗೆ ಬರಲಿ.

ಇಲಾಖೆಗೆ ನನ್ನ ಕೋರಿಕೆ ಇಷ್ಟೇ. 'ಕೇಳಿ ಕಲಿ'ಯಂಥ ರೇಡಿಯೊ ಪಾಠಗಳನ್ನು ಪಾಠವಾರು ಸಣ್ಣ ಸಣ್ಣ ತುಣುಕು ಮಾಡಿ, ಡೌನ್‌ಲೋಡ್ ಮಾಡಿಕೊಳ್ಳುವ ಹಾಗೆ ಒಂದೇ ಕಡೆ ಇಡಿ. ಹತ್ತು ನಿಮಿಷದ ಮಾತು 64 ಕೆಬಿಪಿಎಸ್‌ನಲ್ಲಿ (ಅಂದರೆ ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ) ಉಳಿಸಿದರೆ 5 ಎಂಬಿ ಕೂಡ ಆಗುವುದಿಲ್ಲ. ರಾತ್ರಿ ಮನೆಯಲ್ಲಿ ಇಳಿಸಿಕೊಂಡರೆ ಬೆಳಿಗ್ಗೆ ಶಾಲೆಯಲ್ಲಿ ನೆಟ್ ಬೇಡ, ಸ್ಪೀಕರ್ ಚಾರ್ಜ್ ಆಗಿದ್ದರೆ ಕರೆಂಟೂ ಬೇಡ. ಹಿಂದಿನ ಬೆಂಚಿಗೂ ಕೇಳುವಂಥ ಸ್ಪೀಕರ್ ಶಾಲೆಗೊಂದು ಕೊಡಿ. ಸ್ಮಾರ್ಟ್ ಕ್ಲಾಸಿನ ಟಿವಿಗೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

– ಒಬ್ಬ ಶಿಕ್ಷಕಿ, ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ