ಕಡೇಚೂರಿನ ಜಮೀನು, ನಮ್ಮ ಮಕ್ಕಳ ಕೆಲಸ

ಮಾನ್ಯ ಸಂಪಾದಕರೇ,

ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ರೈತರ 3,000 ಎಕರೆಗೂ ಜಾಸ್ತಿ ಜಮೀನು ಹೋಗಿ ಹತ್ತು ವರ್ಷದ ಮೇಲಾಯಿತು. ರೈಲು ಬೋಗಿ ಕಾರ್ಖಾನೆ ಬಂತು. ಔಷಧ, ರಾಸಾಯನಿಕ ತಯಾರಿಸುವ ಕಂಪನಿಗಳೂ ಬಂದವು. ಆದರೂ ಸುಗ್ಗಿ ಮುಗಿದ ಮೇಲೆ ನಮ್ಮ ಜನ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಮುಂಬೈಗೆ ಗುಳೆ ಹೋಗುವುದು ನಿಂತಿಲ್ಲ.

ಹೊಸ ಉದ್ಯಮ ಬರಲಿ, ಖಂಡಿತ ಬೇಕು. ಆದರೆ ಸುಮ್ನೆ ರಸ್ತೆ ಹಾಕಿ, ಕರೆಂಟ್ ಕಂಬ ನೆಟ್ಟರೆ ಜಾಗ ಸಿದ್ಧವಾದಂತೆ ಅಲ್ಲ. ಕೊಳಕು ನೀರು ಶುದ್ಧ ಮಾಡುವ ಘಟಕ ಮೊದಲು ನಡೆಯಬೇಕು, ನಿವೇಶನ ಹಂಚಿಕೆ ಆಮೇಲೆ. ಸುತ್ತಲಿನ ಹಳ್ಳಿಯವರು ದುರ್ವಾಸನೆ ಬಗ್ಗೆ ದೂರುತ್ತಲೇ ಇದ್ದಾರೆ. ಹೊಲ ಕೊಟ್ಟವರು ಗಾಳಿಯನ್ನೂ ಕೊಡಬೇಕಾ?

ಇನ್ನು ಕೆಲಸದ ಮಾತು. ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಯಲು ಎರಡು ವರ್ಷ ಬೇಕು. ಕಾರ್ಖಾನೆ ಉದ್ಘಾಟನೆಯ ದಿನ ಹುಡುಕಿದರೆ ಕಲಿತ ಹುಡುಗರು ಎಲ್ಲಿ ಸಿಗುತ್ತಾರೆ? ಕಂಪನಿಗೆ ಜಾಗ ಕೊಡುವ ದಿನವೇ ಯಾವ ಕೆಲಸಕ್ಕೆ ಎಷ್ಟು ಜನ ಬೇಕು ಎಂದು ಬರೆಸಿಕೊಳ್ಳಿ. ಆ ತರಬೇತಿಯನ್ನು ಸೈದಾಪುರದಲ್ಲೋ ಯಾದಗಿರಿಯಲ್ಲೋ ಅವತ್ತೇ ಶುರು ಮಾಡಬಹುದು, ಅಲ್ವಾ? ಹೆಣ್ಣುಮಕ್ಕಳು ಪಾಳಿ ಕೆಲಸಕ್ಕೆ ಹೋಗಿ ಬರಲು ಹಳ್ಳಿಗಳಿಂದ ಬಸ್ಸೂ ಬೇಕು.

ಜಮೀನು ಕಳೆದುಕೊಂಡ ಪ್ರತಿ ಮನೆಗೆ ಏನು ಕೆಲಸ ಸಿಕ್ಕಿದೆ ಎಂಬ ಪಟ್ಟಿಯನ್ನು ಜಿಲ್ಲಾಡಳಿತ ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ. ಮುಂದಿನ ಕಂಪನಿಗೆ ಜಾಗ ಕೊಡುವ ಮೊದಲೇ ಇದಾಗಬೇಕು.

– ಒಬ್ಬ ಓದುಗ, ಯಾದಗಿರಿ ಜಿಲ್ಲೆ