ಮಗುವನ್ನು ಕಳೆದುಕೊಂಡವರಿಗೂ ರಜೆ ಬೇಕು: ಕಾರ್ಮಿಕ ಸಚಿವರಿಗೆ ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ವರ್ಷಕ್ಕೆ 12 ದಿನಗಳ ವೇತನಸಹಿತ ಮುಟ್ಟಿನ ರಜೆಗೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಾಗ ಖಾಸಗಿ ಕಂಪನಿಗಳನ್ನಾಗಲಿ ಗಾರ್ಮೆಂಟ್ಸ್‌ಗಳನ್ನಾಗಲಿ ಹೊರಗಿಡಲಿಲ್ಲ. ಆ ಧೈರ್ಯವನ್ನು ನಂಬಿ ಇನ್ನೊಂದು ರಜೆ ಕೇಳುತ್ತಿದ್ದೇನೆ. ಮಗುವನ್ನು ಮಣ್ಣು ಮಾಡಿ ಬಂದ ತಂದೆ ತಾಯಿಯರಿಗೆ ಬೇಕಾದ ರಜೆ ಅದು.

ನಮ್ಮ ಬೀದಿಯ ತಾಯಿಯೊಬ್ಬರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎರಡನೇ ತರಗತಿಯಲ್ಲಿದ್ದ ಅವರ ಮಗ ಡೆಂಗಿಯಿಂದ ತೀರಿಕೊಂಡ. ಆಸ್ಪತ್ರೆಯ ಓಡಾಟದಲ್ಲೇ ಇದ್ದಬದ್ದ ರಜೆಗಳೆಲ್ಲ ಮುಗಿದಿದ್ದವು. ಹಾಲು ತುಪ್ಪ ಬಿಟ್ಟ ಮರುದಿನವೇ ಸೂಪರ್‌ವೈಸರ್ ಫೋನ್ ಮಾಡಿ, ಯಾವಾಗ ಬರುತ್ತೀರಿ, ಲೈನಿನಲ್ಲಿ ಕೆಲಸ ನಿಂತಿದೆ ಎಂದರು. ಕೊನೆಗೆ ವೈದ್ಯರೊಬ್ಬರು ಮರುಕಪಟ್ಟು ಇಎಸ್‌ಐ (ನೌಕರರ ರಾಜ್ಯ ವಿಮೆ) ಚೀಟಿಯಲ್ಲಿ ‘ಜ್ವರ, ನಿಶ್ಶಕ್ತಿ’ ಎಂದು ಬರೆದುಕೊಟ್ಟರು. ಮಗ ಸತ್ತ ಎಂದರೆ ಇಎಸ್‌ಐನಿಂದ ಕಾಸು ಹುಟ್ಟುವುದಿಲ್ಲ, ತನಗೆ ಜ್ವರ ಎಂದರೆ ಹುಟ್ಟುತ್ತದೆ. ಅದೂ ಮೊದಲ ಎರಡು ದಿನ ಬಿಟ್ಟು, ಕೂಲಿಯ ಶೇ 70ರಷ್ಟು. ತಿಂಗಳು ತಿಂಗಳು ಸಂಬಳದ ಶೇ 0.75ನ್ನು ಇದೇ ವಿಮೆಗೆ ಕಟ್ಟುವ ಹೆಣ್ಣುಮಗಳು ಮಗನ ಸಾವನ್ನು ಮುಚ್ಚಿಟ್ಟು ಕಾಯಿಲೆಯ ಸುಳ್ಳು ಹೇಳಬೇಕೇ? ಹಾಜರಾತಿ ಬೋನಸ್ಸಂತೂ ಆ ತಿಂಗಳು ಕೈತಪ್ಪಿತು.

ಗರ್ಭಪಾತವಾದರೆ 6 ವಾರಗಳ ವೇತನಸಹಿತ ರಜೆ ಕಾನೂನಿನಲ್ಲಿದೆ, ಇರಲೇಬೇಕು. ಹುಟ್ಟಿದ 28 ದಿನಗಳೊಳಗೆ ಮಗು ತೀರಿಕೊಂಡರೆ ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 60 ದಿನಗಳ ವಿಶೇಷ ರಜೆ 2022ರಲ್ಲಿ ಬಂತು. ಏಳು ವರ್ಷ ಸಾಕಿದ ಮಗನನ್ನು ಕಳೆದುಕೊಂಡ ಕಾರ್ಖಾನೆಯ ತಾಯಿಗೆ ಈ ಕಾರಣಕ್ಕೆಂದೇ ಒಂದು ದಿನದ ರಜೆಯೂ ಇಲ್ಲ. ತಂದೆಯ ಮಾತನ್ನಂತೂ ಯಾರೂ ಎತ್ತುವುದೇ ಇಲ್ಲ. ಬ್ರಿಟನ್ನಿನಲ್ಲಿ 18 ತುಂಬದ ಮಗುವನ್ನು ಕಳೆದುಕೊಂಡ ನೌಕರರಿಗೆ, ತಂದೆಯಾಗಲಿ ತಾಯಿಯಾಗಲಿ, ಎರಡು ವಾರಗಳ ರಜೆ 2020ರ ಏಪ್ರಿಲ್‌ನಿಂದ ಹಕ್ಕಾಗಿದೆ.

ತಂದೆ ತಾಯಿ ಇಬ್ಬರಿಗೂ ಕನಿಷ್ಠ 15 ದಿನಗಳ ವೇತನಸಹಿತ ರಜೆಯ ನಿಯಮ ತನ್ನಿ. ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವಂತಿಲ್ಲ, ಬೋನಸ್ ಕತ್ತರಿಸುವಂತಿಲ್ಲ ಎಂದು ಅದರಲ್ಲೇ ಬರೆಯಿರಿ, ಇಲ್ಲವಾದರೆ ರಜೆ ಕಾಗದದಲ್ಲೇ ಉಳಿಯುತ್ತದೆ. ಇಎಸ್‌ಐ ಕೇಂದ್ರ ಸರ್ಕಾರದ್ದು ಎಂಬ ಉತ್ತರ ಬರಬಹುದು. ಆದರೆ ಅದನ್ನು ನಡೆಸುವ ನಿಗಮದಲ್ಲಿ ರಾಜ್ಯಕ್ಕೂ ಪ್ರಾತಿನಿಧ್ಯವಿದೆ. ಮಗುವಿನ ಸಾವಿಗೂ ಪೂರ್ಣ ಕೂಲಿಯ ಸೌಲಭ್ಯ ಸಿಗಲಿ ಎಂದು ಕರ್ನಾಟಕ ಅಲ್ಲಿ ಪಟ್ಟು ಹಿಡಿಯಲಿ.

ಇನ್ನೊಂದು ಮಾತು. ಮರಣ ಪ್ರಮಾಣಪತ್ರ ತಂದರಷ್ಟೇ ರಜೆ ಎಂದು ದಯವಿಟ್ಟು ಷರತ್ತು ಹಾಕಬೇಡಿ. ಮರಣ ನೋಂದಣಿಗೆ ಕಾನೂನೇ 21 ದಿನ ಕೊಟ್ಟಿದೆ. ಪತ್ರ ಆಮೇಲೆ ಬರಲಿ, ರಜೆ ಅಂದಿನಿಂದಲೇ ಸಿಗಲಿ.

ಇಂತಿ,
ಬೆಂಗಳೂರಿನ ಒಬ್ಬ ನಾಗರಿಕ