ಕೆರೆಗೆ ಹೊರಡುವ ಮುನ್ನ: ಪೋಷಕರಿಗೆ ಪತ್ರ

ಪ್ರಿಯ ಪೋಷಕರೇ,

ವಂದನೆಗಳು. ಬರುವ ಮೂರು ಶನಿವಾರ ಐದರಿಂದ ಏಳನೇ ತರಗತಿಯ ಮಕ್ಕಳನ್ನು ಹಕ್ಕಿ ನೋಡಲು ಕೆರೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಒಪ್ಪಿಗೆ ಚೀಟಿ ಈ ಪತ್ರದ ಜೊತೆಗಿದೆ. ಒಮ್ಮೆ ಹೋಗಿ ಬಂದ ಮಕ್ಕಳು ಮುಂದಿನ ಭಾನುವಾರ ನಿಮ್ಮನ್ನೂ ಹೊರಡಿಸುತ್ತಾರೆ. ಆಗ ನಿಮಗೆ ಬೇಕಾಗುವಷ್ಟನ್ನು ಇಲ್ಲಿ ಬರೆದಿದ್ದೇನೆ. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ.

ಚಳಿ ಹಿಂದೆ ಸರಿದು ಚಿಗುರು ಕಾಣಿಸಿಕೊಳ್ಳುವ ಈ ಕೆಲವು ವಾರಗಳಲ್ಲಿ ಕೆರೆಯ ಮೇಲೆ ಎರಡು ಬಗೆಯ ಹಕ್ಕಿಗಳು ಒಟ್ಟಿಗೆ ಸಿಗುತ್ತವೆ. ಚಳಿಗಾಲ ಕಳೆಯಲು ಬಂದ ಬಾತುಗಳು, ಗದ್ದೆಗೊರವಗಳು, ಸಿಪಿಲೆಗಳು ಇನ್ನೂ ಹೊರಟಿಲ್ಲ. ಇಲ್ಲೇ ಇರುವ ಹಕ್ಕಿಗಳು ಮರಿ ಮಾಡುವ ಕಾಲಕ್ಕೆ ಬಣ್ಣ ಬದಲಿಸತೊಡಗಿವೆ. ಒಣಹುಲ್ಲಿನ ಬಣ್ಣದ ಕೊಳಬಕದ ಬೆನ್ನು ಕಡುಗೆಂಪಿಗೆ ತಿರುಗುತ್ತದೆ. ದನಗಳ ಹಿಂದೆ ಓಡಾಡುವ ಗೋವಕ್ಕಿಯ ತಲೆ, ಕತ್ತು ಕಿತ್ತಳೆ ಬಣ್ಣ ತಾಳುತ್ತವೆ. ಸೂಜಿಬಾಲದ ಗಂಡು ಬಾತು ಬಂದ ಹೊಸದರಲ್ಲಿ ಹೆಣ್ಣಿನಂತೆಯೇ ಮಾಸಲಾಗಿರುತ್ತದೆ, ಈಗ ನೋಡಿದರೆ ಕಂದು ತಲೆ, ಬಿಳಿ ಕತ್ತು, ಉದ್ದ ಬಾಲ ಎಲ್ಲವೂ ಸ್ಪಷ್ಟ. ನೀರು ಇಳಿದು ಕೆಸರು ತೆರೆದುಕೊಂಡ ಅಂಚಿನಲ್ಲಿ ಹುಳು ಹೆಕ್ಕುವ ಉದ್ದಗಾಲಿನ ಹಕ್ಕಿಗಳೂ ಸೇರುತ್ತವೆ. ಇನ್ನು ಒಂದು ತಿಂಗಳು ತಡಮಾಡಿದರೆ ವಲಸೆಯ ಗುಂಪುಗಳಲ್ಲಿ ಹೆಚ್ಚಿನವು ಹೊರಟುಹೋಗಿರುತ್ತವೆ.

ಹೊರಡುವ ಮುಂಚಿನ ಈ ದಿನಗಳಲ್ಲಿ ಅವುಗಳಿಗೆ ಇರುವುದು ಒಂದೇ ಕೆಲಸ: ತಿಂದು ಮೈಯಲ್ಲಿ ಕೊಬ್ಬು ಕೂಡಿಸುವುದು. ಸಾವಿರಾರು ಕಿಲೋಮೀಟರ್ ಹಾರಾಟಕ್ಕೆ ಅದೇ ಇಂಧನ. ಫೋಟೊಗೆಂದು ಒಬ್ಬರು ಹತ್ತಿರ ಹೋಗಿ ಗುಂಪನ್ನು ಹಾರಿಸಿದರೆ ಬೆಳಗಿನಿಂದ ತಿಂದದ್ದರಲ್ಲಿ ಒಂದಷ್ಟು ಅಲ್ಲೇ ಖರ್ಚಾಗುತ್ತದೆ. ದಿನಕ್ಕೆ ನಾಲ್ಕಾರು ಬಾರಿ ಹೀಗಾದರೆ ಆ ಕೆರೆ ಅವಕ್ಕೆ ಉಪಯೋಗವಿಲ್ಲದ ಕೆರೆಯಾಗುತ್ತದೆ. ಆದ್ದರಿಂದ ನಮ್ಮ ಮೊದಲ ಪಾಠ ಹಕ್ಕಿಯ ಹೆಸರಲ್ಲ, ಅದರಿಂದ ಎಷ್ಟು ದೂರ ನಿಲ್ಲಬೇಕು ಎಂಬುದು. ಅದನ್ನು ಮೀಟರುಗಳಲ್ಲಿ ಹೇಳಲಾಗದು, ಹಕ್ಕಿಯೇ ಹೇಳುತ್ತದೆ. ಮೇಯುತ್ತಿದ್ದ ಹಕ್ಕಿ ತಿನ್ನುವುದನ್ನು ಬಿಟ್ಟು ಕತ್ತು ಎತ್ತಿತೆಂದರೆ ನಿಲ್ಲಿ. ನಿಮ್ಮಿಂದ ದೂರಕ್ಕೆ ನಡೆಯಲು ಅಥವಾ ಈಜಲು ಶುರುಮಾಡಿತೆಂದರೆ ನೀವು ಆಗಲೇ ಮುಂದೆ ಹೋಗಿಬಿಟ್ಟಿದ್ದೀರಿ, ಹತ್ತು ಹೆಜ್ಜೆ ಹಿಂದೆ ಬನ್ನಿ.

ಸೂರ್ಯ ಹುಟ್ಟಿದ ಮೇಲಿನ ಎರಡು ಗಂಟೆ ಅತ್ಯುತ್ತಮ ಹೊತ್ತು. ಬೆಳಿಗ್ಗೆ ಕೆರೆಯ ಪೂರ್ವದ ದಡದಲ್ಲಿ, ಬಿಸಿಲು ಬೆನ್ನಿಗೆ ಬೀಳುವಂತೆ ನಿಲ್ಲಿ. ಎದುರು ದಡದಲ್ಲಿ ನಿಂತರೆ ಎಲ್ಲ ಹಕ್ಕಿಯೂ ಕಪ್ಪು ನೆರಳಾಗಿ ಕಾಣುತ್ತದೆ. ಹೊಸಬರು ಬೂದು ಬಾತನ್ನು ನೀರುಕಾಗೆ ಎಂದು ಬರೆದುಕೊಳ್ಳುವುದು ಹೆಚ್ಚಾಗಿ ಈ ಕಾರಣಕ್ಕೆ. ಸಂಜೆಗೆ ದಡ ಅದಲುಬದಲು. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ನಡುಗುತ್ತದೆ, ಆಗ ಎಷ್ಟು ಒಳ್ಳೆಯ ದುರ್ಬೀನು ಇದ್ದರೂ ದೂರದ ಹಕ್ಕಿ ಕಲಸಿಹೋದಂತೆ ಕಾಣುತ್ತದೆ. ಅದು ದುರ್ಬೀನಿನ ದೋಷವಲ್ಲ. ಮಕ್ಕಳಿಗೆ ಸಮವಸ್ತ್ರದ ಬಿಳಿ ಅಂಗಿ ಹಾಕಿಸಬೇಡಿ. ಮಾಸಲು ಹಸಿರು, ಕಂದು, ಬೂದು ಬಣ್ಣದ ತುಂಬುತೋಳಿನ ಬಟ್ಟೆ, ಬೆರಳು ಮುಚ್ಚುವ ಬೂಟು, ಟೋಪಿ ಇರಲಿ.

ದುರ್ಬೀನಿನ ಬಗ್ಗೆ ತುಂಬ ಪೋಷಕರು ಕೇಳಿದ್ದೀರಿ. ಅದರ ಮೇಲೆ 8×42 ಎಂದು ಬರೆದಿದ್ದರೆ ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿಲಿಮೀಟರ್ ಎಂದರ್ಥ. ಮಕ್ಕಳಿಗೆ 8×30 ಅಥವಾ 8×32 ಒಳ್ಳೆಯದು, ತೂಕ ಕಡಿಮೆ. ಹತ್ತು ಪಟ್ಟಿನದು ಬೇಡ ಎಂಬುದು ನನ್ನ ಸಲಹೆ. ಅದರಲ್ಲಿ ಕೈನಡುಕವೂ ಹತ್ತು ಪಟ್ಟಾಗುತ್ತದೆ, ಒಮ್ಮೆಗೆ ಕಾಣುವ ಜಾಗವೂ ಕಿರಿದು, ಮಗು ಹಕ್ಕಿಯನ್ನು ಹುಡುಕುವುದರಲ್ಲೇ ದಣಿಯುತ್ತದೆ. ದುರ್ಬೀನು ಇಲ್ಲದಿದ್ದರೂ ಚಿಂತೆಯಿಲ್ಲ, ಶಾಲೆಯಲ್ಲಿರುವುದನ್ನು ಸರದಿಯಲ್ಲಿ ಕೊಡುತ್ತೇವೆ.

ಇದ್ದವರು ಮನೆಯಲ್ಲೇ ಹೊಂದಿಸಿ ಕಳಿಸಿ. ಮೊದಲು ಎರಡು ಕೊಳವೆಗಳನ್ನು ಮಡಚುತ್ತ ಬಂದು ಎರಡು ವೃತ್ತ ಒಂದಾಗುವಲ್ಲಿ ನಿಲ್ಲಿಸಿ. ಚಿಕ್ಕ ಮಕ್ಕಳ ಕಣ್ಣುಗಳ ನಡುವಿನ ಅಂತರ ಕಡಿಮೆ. ಪೂರ್ತಿ ಮಡಚಿದರೂ ಅಂಚಿನಲ್ಲಿ ಕಪ್ಪು ನೆರಳು ಉಳಿದರೆ ಆ ದುರ್ಬೀನು ಮಗುವಿಗೆ ಅಗಲವಾಯಿತೆಂದು ಅರ್ಥ. ಆಗ ಒಂದೇ ಕೊಳವೆಯಲ್ಲಿ ನೋಡಲು ಹೇಳಿ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಬೇಕು ಅಥವಾ ಮಡಚಬೇಕು. ಆಮೇಲೆ ಬಲಗಡೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಒಂದು ಫಲಕವನ್ನು ಎಡಗಣ್ಣಿನಿಂದ ನೋಡುತ್ತ ನಡುವಿನ ಚಕ್ರವನ್ನು ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಡೆ ಮುಚ್ಚಿ, ನಡುವಿನ ಚಕ್ರವನ್ನು ಮುಟ್ಟದೆ, ಬಲಗಣ್ಣಿನ ಬಳಿ ಇರುವ ಉಂಗುರವನ್ನಷ್ಟೇ ತಿರುಗಿಸಿ ಅದೇ ಫಲಕ ಸ್ಪಷ್ಟವಾಗುವಂತೆ ಮಾಡಿ. ಆ ಉಂಗುರ ನಿಂತ ಜಾಗಕ್ಕೆ ಪೆನ್ನಿನಲ್ಲಿ ಒಂದು ಗುರುತು ಹಾಕಿ. ಮುಂದೆ ನಡುವಿನ ಚಕ್ರವೊಂದೇ ಸಾಕು. ಹಕ್ಕಿ ಕಂಡಾಗ ಮಕ್ಕಳು ತಲೆ ತಗ್ಗಿಸಿ ದುರ್ಬೀನು ನೋಡಿ, ಅದನ್ನು ಕಣ್ಣಿಗಿಟ್ಟು, ನಂತರ ಹಕ್ಕಿಯನ್ನು ಹುಡುಕುತ್ತಾರೆ. ಅಷ್ಟರಲ್ಲಿ ಹಕ್ಕಿ ತಪ್ಪಿಹೋಗುತ್ತದೆ. ಕಣ್ಣನ್ನು ಹಕ್ಕಿಯ ಮೇಲಿಂದ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಮನೆಯ ಕಿಟಕಿಯಿಂದ ಎದುರಿನ ಮರದ ಕೊಂಬೆ ನೋಡುತ್ತ ಹತ್ತು ಬಾರಿ ಅಭ್ಯಾಸ ಮಾಡಿಸಿ. ದುರ್ಬೀನಿನಿಂದ ಸೂರ್ಯನನ್ನು ನೋಡಿದರೆ ಕಣ್ಣು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಈ ಮಾತನ್ನು ಮಗು ನಿಮಗೆ ತಿರುಗಿ ಹೇಳುವವರೆಗೂ ಹೇಳಿ.

ಕೆರೆಯಲ್ಲಿ ಒಂದೇ ಕಡೆ ಇಪ್ಪತ್ತು ನಿಮಿಷ ನಿಲ್ಲುವುದು ಸುತ್ತ ಅಲೆಯುವುದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ನಾವು ಬಂದಾಗ ಜೊಂಡಿನೊಳಗೆ ಸರಿದ ಜಂಬುಕೋಳಿ ಹತ್ತು ನಿಮಿಷದ ಮೇಲೆ ತಾನಾಗಿ ಹೊರಬರುತ್ತದೆ. ಹೆಸರು ಏನೆಂದು ಕೂಡಲೇ ಹೇಳಿಕೊಡಬೇಡಿ. ಗಾತ್ರ, ಕೊಕ್ಕು, ಕತ್ತು, ಮಾಡುತ್ತಿರುವ ಕೆಲಸ, ಇಷ್ಟನ್ನು ಮಗುವೇ ಹೇಳಲಿ. ನೀರಿನ ಮೇಲೆ ಗಾತ್ರ ಕಣ್ಣಿಗೆ ಮೋಸ ಮಾಡುತ್ತದೆ, ಆದ್ದರಿಂದ ಪಕ್ಕದಲ್ಲಿರುವ ಪರಿಚಿತ ಹಕ್ಕಿಗೆ ಹೋಲಿಸಬೇಕು. ಅದಕ್ಕೆ ನಾಮಗೋಳಿ ಒಳ್ಳೆಯ ಅಳತೆಗೋಲು: ಕಪ್ಪು ಮೈ, ಬಿಳಿ ಕೊಕ್ಕು, ಹಣೆಯ ಮೇಲೆ ಬಿಳಿ ನಾಮ. ಒಮ್ಮೆ ಕಂಡರೆ ಮರೆಯುವುದಿಲ್ಲ.

ಗೊಂದಲವಾಗುವ ಕೆಲವನ್ನು ಹೀಗೆ ಬಿಡಿಸಬಹುದು. ಹಾರುವಾಗ ಕತ್ತನ್ನು ಮಡಚಿ ಭುಜಕ್ಕೆ ಒತ್ತಿಕೊಂಡಿದ್ದರೆ ಬಕ ಅಥವಾ ಬೆಳ್ಳಕ್ಕಿ, ಉದ್ದಕ್ಕೆ ಚಾಚಿದ್ದರೆ ಕೊಕ್ಕರೆಯ ಕಡೆಯದು. ನೀರುಕಾಗೆ ಈಜುವಾಗ ಬೆನ್ನು ಸ್ವಲ್ಪ ಕಾಣುತ್ತದೆ, ಕೊಕ್ಕಿನ ತುದಿ ಕೊಂಡಿಯಂತೆ ಬಾಗಿರುತ್ತದೆ. ಹಾವಕ್ಕಿಯದು ಹಲವು ಸಲ ಬರೀ ಕತ್ತು ಮಾತ್ರ ಮೇಲೆ, ಕೊಕ್ಕು ಭರ್ಜಿಯಂತೆ ನೇರ. ಎರಡೂ ರೆಕ್ಕೆ ಹರಡಿ ಕೂರುತ್ತವೆ, ಏಕೆಂದರೆ ಅವುಗಳ ಗರಿ ನೀರು ಹೀರಿ ತೋಯುತ್ತದೆ. ಮುಳುಗಲು ಅದು ಅನುಕೂಲ, ಆಮೇಲೆ ಒಣಗಿಸಲೇಬೇಕು. ತಲೆ ಕೆಳಗೆ ಮಾಡಿ ಬಾಲ ಮೇಲೆತ್ತಿ ಮೇಯುವ ಬಾತುಗಳು ಹಾರುವಾಗ ನೀರಿನಿಂದ ನೇರ ಮೇಲಕ್ಕೆ ಚಿಮ್ಮುತ್ತವೆ. ಮುಳುಗಿ ಮೇಯುವ ಬಾತುಗಳು, ನಾಮಗೋಳಿಗಳು ನೀರಿನ ಮೇಲೆ ಓಡಿ ಓಡಿ ಏಳುತ್ತವೆ. ಮುಷ್ಟಿಗಾತ್ರದ ಗುಳುಮುಳುಕ ಮುಳುಗಿದಾಗ ಸೆಕೆಂಡು ಎಣಿಸಲು, ಎಲ್ಲಿ ಏಳುತ್ತದೆಂದು ಊಹಿಸಲು ಹೇಳಿ. ಸಾಮಾನ್ಯವಾಗಿ ಅರ್ಧ ನಿಮಿಷದೊಳಗೆ ಏಳುತ್ತದೆ, ಊಹಿಸಿದ ಜಾಗದಲ್ಲಿ ಅಲ್ಲ. ಮಕ್ಕಳು ಇದನ್ನು ಬಿಟ್ಟು ಕದಲುವುದಿಲ್ಲ.

ದೊಡ್ಡ ಗುಂಪನ್ನು ಎಣಿಸುವಾಗ ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ನೋಡಿ, ಅಂಥ ಎಷ್ಟು ತುಂಡುಗಳಿವೆ ಎಂದು ಅಳೆಯಬೇಕು. ಎಡದಿಂದ ಬಲಕ್ಕೆ ಒಂದೇ ಸಲ. ಅರ್ಧದಲ್ಲಿ ಹಿಂದಿರುಗಿದರೆ ಅಷ್ಟರಲ್ಲಿ ಈಜಿ ಬಂದವು ಎರಡು ಬಾರಿ ಲೆಕ್ಕಕ್ಕೆ ಸೇರುತ್ತವೆ. ಪುಸ್ತಕದಲ್ಲಿ ದಿನಾಂಕ, ಹೊತ್ತು, ಎಷ್ಟು ನಿಮಿಷ ನೋಡಿದೆ, ಗಾಳಿ ಮೋಡ ಹೇಗಿತ್ತು, ಯಾವ ಹಕ್ಕಿ ಎಷ್ಟು, ಏನು ಮಾಡುತ್ತಿತ್ತು ಎಂಬುದಿರಲಿ. ಗುರುತು ಸಿಗದಿದ್ದರೆ ‘ಗೊತ್ತಾಗಲಿಲ್ಲ’ ಎಂದು ಬರೆದು ಒಂದು ಗೀಟುಚಿತ್ರ ಹಾಕಲಿ. ಅದಕ್ಕೆ ನಾವು ಪೂರ್ತಿ ಅಂಕ ಕೊಡುತ್ತೇವೆ, ಊಹಿಸಿ ಬರೆದ ಹೆಸರಿಗೆ ಕೊಡುವುದಿಲ್ಲ. ಫೋನಿನ ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ, ಆದರೆ ಅನುಕರಣೆ ಮಾಡುವ ಹಕ್ಕಿ ಕೂಗಿದರೆ ಅದೂ ತಪ್ಪುತ್ತದೆ. ಕಣ್ಣಿಗೆ ಕಂಡ ಮೇಲೆ ಬರೆಯಲಿ. ಹಕ್ಕಿಯನ್ನು ಕರೆಯಲು ಧ್ವನಿಮುದ್ರಣ ಹಾಕುವುದು ಬೇಡವೇ ಬೇಡ. ಎದುರಾಳಿ ಬಂದನೆಂದು ಅದು ಗೂಡಿನ ಕೆಲಸ ಬಿಟ್ಟು ಹುಡುಕಾಡುತ್ತದೆ.

ಟಿಟ್ಟಿಭದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅದು ಬಯಲು ನೆಲದಲ್ಲಿ, ಕಲ್ಲುಹರಳುಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಹರಳಿನಂತೆಯೇ ಕಾಣುವುದರಿಂದ ತುಳಿಯುವವರೆಗೂ ತಿಳಿಯದು. ತಲೆಯ ಮೇಲೆ ಹಾರಾಡುತ್ತ ಅರಚತೊಡಗಿದರೆ ಎಲ್ಲರೂ ನಿಂತಲ್ಲೇ ನಿಂತು ಕಾಲಬುಡ ನೋಡಿ, ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ತಾಯಿಹಕ್ಕಿ ದೂರ ಉಳಿದಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಯಾವ ಗೂಡಿನ ಫೋಟೊವನ್ನೂ ಗುಂಪುಗಳಲ್ಲಿ ಹಾಕಬೇಡಿ.

ಹಕ್ಕಿ ಕಡಿಮೆ ಇರುವ ದಿನ ಅಂಚಿನ ಕೆಸರು ಓದಿಸಿ. ಬೆರಳುಗಳ ನಡುವೆ ಚರ್ಮದ ಗುರುತಿದ್ದರೆ ಬಾತು. ಮೂರು ಉದ್ದ ಬೆರಳು ಮುಂದೆ, ಒಂದು ಹಿಂದೆ ಇದ್ದರೆ ಬಕ. ಬಂಡೆಯ ಮೇಲೆ ಮೀನಿನ ಹೊರಪೊರೆ ತುಂಬಿದ, ಗಾಢ ವಾಸನೆಯ ಹಿಕ್ಕೆ ಕಂಡರೆ ನೀರುನಾಯಿ ಬಂದು ಹೋಗಿರಬಹುದು. ಬೆಳಗಿನ ಬಿಸಿಲಿಗೆ ಆಮೆಗಳು ಮರದ ದಿಮ್ಮಿ ಹತ್ತುತ್ತವೆ. ಜೊಂಡಿನ ಕಡ್ಡಿಗೆ ಅಂಟಿದ ಒಣ ಸಿಪ್ಪೆ ಏರೋಪ್ಲೇನ್ ಚಿಟ್ಟೆ ನೀರಿನಿಂದ ಹೊರಬಂದು ಕಳಚಿಟ್ಟ ಅಂಗಿ. ಅದನ್ನು ಮಾತ್ರ ಶಾಲೆಗೆ ತರಬಹುದು.

ಮೇಲೆ ಒಣಗಿ ಬಿರಿದ ಕೆಸರು ಗಟ್ಟಿಯಂತೆ ಕಾಣುತ್ತದೆ, ಕೆಳಗೆ ಮಂಡಿಯಾಳ ಹಸಿ ಇರಬಹುದು. ಯಾರೂ ಅದರ ಮೇಲೆ ಇಳಿಯಬಾರದು. ನೀರಿನಂಚಿನಿಂದ ದೊಡ್ಡವರ ಮೂರು ಹೆಜ್ಜೆ ದೂರ ನಿಲ್ಲಬೇಕು. ಹಸಿರು ಬಣ್ಣ ಕದಡಿದಂತಿರುವ ನೀರಿಗೆ ಕೈ ಹಾಕಬಾರದು. ಹಕ್ಕಿಗಳಿಗೆ ಬ್ರೆಡ್ಡು ಎಸೆಯಬೇಡಿ, ಉಳಿದದ್ದು ಕೊಳೆತು ನೀರು ಕೆಡುತ್ತದೆ. ಸತ್ತ ಅಥವಾ ಕತ್ತು ಎತ್ತಲಾಗದ ಹಕ್ಕಿ ಕಂಡರೆ ಮುಟ್ಟದೆ ಶಿಕ್ಷಕರಿಗೆ ತಿಳಿಸಬೇಕು. ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ನಾವು ಹೇಳುತ್ತೇವೆ.

ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕೆಂದು ನಿರ್ಧರಿಸಿದ್ದೇವೆ, ಆದ್ದರಿಂದ ಜೊತೆಗೆ ಬರಬಲ್ಲ ತಂದೆ ತಾಯಿ, ಅಜ್ಜ ಅಜ್ಜಿಯರು ಚೀಟಿಯಲ್ಲಿ ತಮ್ಮ ಹೆಸರನ್ನೂ ಬರೆಯಿರಿ. ಮಗುವಿಗೆ ಉಬ್ಬಸ, ಜೇನು ಕಡಿತದ ಅಲರ್ಜಿ ಇದ್ದರೆ ಅದನ್ನೂ ನಮೂದಿಸಿ, ಔಷಧಿಯನ್ನು ಚೀಲದ ಹೊರಜೇಬಿನಲ್ಲಿಡಿ. ಚೀಟಿ ಬುಧವಾರದೊಳಗೆ ತರಗತಿ ಶಿಕ್ಷಕರ ಕೈಸೇರಲಿ. ಶನಿವಾರ ಬೆಳಿಗ್ಗೆ ಆರಕ್ಕೆ ಶಾಲೆಯ ಗೇಟಿನಿಂದ ಹೊರಡುತ್ತೇವೆ.

ಇಂತಿ,
ಮುಖ್ಯೋಪಾಧ್ಯಾಯರು